ಚಕೋರದ ಕಣ್ಣು, ಮೀಟರಿನ ಮುಳ್ಳು

ಚಕೋರ ಎಂದೊಡನೆ ನಮಗೆ ನೆನಪಾಗುವುದು ಬೆಳದಿಂಗಳು. ಅದನ್ನು ಕುಡಿದೇ ಆ ಹಕ್ಕಿ ಬದುಕುತ್ತದೆ ಎಂದು ನಮ್ಮ ಕವಿಗಳು ಎಷ್ಟು ಶತಮಾನಗಳಿಂದ ಹೇಳುತ್ತ ಬಂದಿದ್ದಾರೋ! ಕೌಟಿಲ್ಯನಿಗೆ ಮಾತ್ರ ಬೆಳದಿಂಗಳ ಗೊಡವೆಯಿರಲಿಲ್ಲ. ಆತ ಚಕೋರವನ್ನು ಹಿಡಿದು ತಂದು ಅರಮನೆಯ ಕಾವಲಿಗೆ ಕೂರಿಸಿದ. ವಿಷ ಸಮೀಪಿಸಿದರೆ ಚಕೋರದ ಕಣ್ಣಿನ ಬಣ್ಣ ಬದಲಾಗುತ್ತದೆ, ಕ್ರೌಂಚಕ್ಕೆ ಮದವೇರುತ್ತದೆ, ಕೋಗಿಲೆ ಪ್ರಾಣವನ್ನೇ ಬಿಡುತ್ತದೆ ಎಂದು ಅರ್ಥಶಾಸ್ತ್ರದ ಮೊದಲ ಅಧಿಕರಣದಲ್ಲೇ ಬರೆದಿದ್ದಾನೆ. ರಾಜನ ಊಟದಲ್ಲಿ ಒಂದು ಪಾಲನ್ನು ಮೊದಲು ಬೆಂಕಿಗೆ ಹಾಕಿ ನೋಡಬೇಕಂತೆ. ಜ್ವಾಲೆ, ಹೊಗೆ ನೀಲಿಗಟ್ಟಿ ಚಟಚಟ ಸದ್ದು ಬಂದರೆ ಆ ಅನ್ನ ಮುಟ್ಟಬಾರದು. ಹಕ್ಕಿಗಳ ಮಾತು ಎಷ್ಟು ನಿಜವೋ, ಅದು ಬೇರೆ ವಿಚಾರ. ಅದರ ಹಿಂದಿನ ಬುದ್ಧಿ ನೋಡಿ: ಮನುಷ್ಯನ ಕಣ್ಣಿಗೆ, ಮೂಗಿಗೆ, ನಾಲಗೆಗೆ ತಿಳಿಯದ್ದು ಯಾವುದಕ್ಕೆ ತಿಳಿಯುತ್ತದೋ ಅದನ್ನು ಪಕ್ಕದಲ್ಲಿಟ್ಟುಕೋ, ಅದರ ಮೇಲೊಂದು ಕಣ್ಣಿಡು. ಈಗ ನಾವು ಸೆನ್ಸರ್ ಎನ್ನುವ ಸಾಮಾನಿನ ಕೆಲಸವೂ ಇಷ್ಟೇ ಅಲ್ಲವೇ?

ಅರ್ಥಶಾಸ್ತ್ರದ ಮಾತು ಬಂದ ಮೇಲೆ ಮೈಸೂರಿಗೆ ಒಂದು ಗಳಿಗೆ ಹೋಗಿ ಬರದಿದ್ದರೆ ಹೇಗೆ? ಹೆಸರಷ್ಟೇ ಉಳಿದಿದ್ದ ಆ ಗ್ರಂಥದ ತಾಳೆಗರಿ ಪ್ರತಿಯನ್ನು ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂದುಕೊಟ್ಟರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದರ ಬೆಲೆ ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ಚಕೋರದ ಕಣ್ಣು ಹೀಗೆ ಮತ್ತೆ ಬೆಳಕಿಗೆ ಬಂದದ್ದು ನಮ್ಮ ಊರಿನಲ್ಲಿ.

ಆ 1909ನೆಯ ಇಸವಿಯ ಮೇಲೆ ನನಗೊಂದು ವಿಶೇಷ ಪ್ರೀತಿ ಇದೆ, ಕಾರಣ ಕೇಳಿ. ಅದೇ ವರ್ಷ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಸೊರೆನ್‌ಸೆನ್ ಎಂಬ ರಸಾಯನಶಾಸ್ತ್ರಜ್ಞ ಹುಳಿಯನ್ನು ಅಳೆಯುವುದಕ್ಕೆ ಪಿಎಚ್ ಎಂಬ ಅಳತೆಗೋಲು ಕೊಟ್ಟ. ಅದೇ ವರ್ಷ ಜರ್ಮನಿಯ ಕಾರ್ಲ್ಸ್‌ರುಯೆಯಲ್ಲಿ ಫ್ರಿಟ್ಸ್ ಹೇಬರ್ ಮತ್ತು ಕ್ಲೆಮೆನ್ಸಿವಿಚ್ ಇಬ್ಬರೂ ತೆಳ್ಳನೆಯ ಗಾಜಿನ ಬುರುಡೆಯೊಂದು ನೀರಿನ ಹುಳಿಗೆ ತಕ್ಕಂತೆ ವೋಲ್ಟೇಜ್ ಕೊಡುತ್ತದೆ ಎಂದು ತೋರಿಸಿದರು. ಅದೇ ವರ್ಷ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿನ ದಂತವೈದ್ಯ ಫ್ರೆಡರಿಕ್ ಮೆಕೇ, ತನ್ನ ಊರಿನವರ ಹಲ್ಲೇಕೆ ಕಂದು ಎಂಬ ಪ್ರಶ್ನೆ ಹಿಡಿದು ಆ ಕಾಲದ ಹೆಸರಾಂತ ದಂತತಜ್ಞ ಬ್ಲ್ಯಾಕ್ ಅವರನ್ನು ಕರೆಸಿಕೊಂಡ. ಮೈಸೂರಿನ ಪಂಡಿತರು, ಬಿಯರಿನ ರಸಾಯನಶಾಸ್ತ್ರಜ್ಞ, ಗಾಜಿನ ಬುರುಡೆಯ ಜರ್ಮನರು, ಹಲ್ಲಿನ ಡಾಕ್ಟರು. ಒಬ್ಬರಿಗೊಬ್ಬರ ಪರಿಚಯವಿಲ್ಲ. ಆದರೂ ಇವತ್ತು ಕೋಲಾರದ ಕೊಳವೆಬಾವಿಯ ನೀರನ್ನು ಪರೀಕ್ಷಿಸುವವರು ಇವರೆಲ್ಲರಿಗೂ ಒಂದೊಂದು ಋಣ ತೀರಿಸಬೇಕು.

ಹೇಬರ್ ಎಂದರೆ ಯಾರು ಗೊತ್ತಲ್ಲ? ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡುವ ದಾರಿಯನ್ನು ಅದೇ 1909ರಲ್ಲಿ ತೋರಿಸಿದವನು. ಯೂರಿಯಾ ಚೀಲಗಳ ಮೂಲಪುರುಷ. ಆ ಗೊಬ್ಬರದಲ್ಲಿ ಬೆಳೆಗೆ ದಕ್ಕದೆ ಉಳಿದದ್ದು ನೆಲಕ್ಕಿಳಿದು ನೈಟ್ರೇಟ್ ಆಗಿ ಬಾವಿ ಸೇರುತ್ತದೆ, ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಮಾನಕ ಸಂಸ್ಥೆ ಗೆರೆ ಎಳೆದಿದೆ, ಆ ನೈಟ್ರೇಟನ್ನು ಪತ್ತೆ ಹಚ್ಚಲು ಮತ್ತೆ ಆ ಗಾಜಿನ ಬುರುಡೆಯ ಜಾತಿಯ ಎಲೆಕ್ಟ್ರೋಡನ್ನೇ ಬಳಸಬಹುದು. ಇರಲಿ, ನಾವು ಗಾಜಿನ ಬುರುಡೆಯ ಬಳಿ ಇದ್ದೆವು.

ಬುರುಡೆಯೇನೋ ವೋಲ್ಟೇಜ್ ಕೊಟ್ಟಿತು, ಅದನ್ನು ಓದುವುದು ಹೇಗೆ? ಗಾಜು ವಿದ್ಯುತ್ತನ್ನು ಸುಲಭಕ್ಕೆ ಬಿಡುವುದಿಲ್ಲ. ಸಾಮಾನ್ಯ ಮೀಟರಿನ ಮುಳ್ಳನ್ನು ಸರಿಸುವಷ್ಟು ಕರೆಂಟು ಅದರಿಂದ ಹೊರಡದು. ಇಪ್ಪತ್ತೈದು ವರ್ಷ ಆ ಬುರುಡೆ ನುರಿತವರ ಕೈಯಲ್ಲೇ ಉಳಿಯಿತು. ಕಡೆಗೆ ದಾರಿ ಮಾಡಿದ್ದು ಕ್ಯಾಲಿಫೋರ್ನಿಯದ ನಿಂಬೆಹಣ್ಣು! 1934ರಲ್ಲಿ ಆರ್ನಲ್ಡ್ ಬೆಕ್‌ಮನ್ ಎಂಬ ಪ್ರಾಧ್ಯಾಪಕನ ಹಳೆಯ ಸಹಪಾಠಿಯೊಬ್ಬ ಹಣ್ಣು ಬೆಳೆಗಾರರ ಸಂಘದಲ್ಲಿ ಕೆಲಸಕ್ಕಿದ್ದ. ನಿಂಬೆರಸದ ಹುಳಿ ಅಳೆಯಬೇಕು, ಆದರೆ ರಸ ಕೆಡದಿರಲಿ ಎಂದು ಹಾಕಿದ ಗಂಧಕದ ಡೈಆಕ್ಸೈಡು ಲಿಟ್ಮಸ್ ಕಾಗದದ ಬಣ್ಣವನ್ನೇ ತಿಂದುಬಿಡುತ್ತದೆ. ಬೆಕ್‌ಮನ್ ರೇಡಿಯೋ ವಾಲ್ವುಗಳಿಂದ ಆ ದುರ್ಬಲ ಸೂಚನೆಯನ್ನು ದೊಡ್ಡದು ಮಾಡಿ ಒಂದು ಪೆಟ್ಟಿಗೆಯಲ್ಲಿ ಕೂರಿಸಿದ. ಪಿಎಚ್ ಮೀಟರು ಹುಟ್ಟಿತು. ಬಣ್ಣವನ್ನು ನಂಬುವ ಪರೀಕ್ಷೆಗೆ ನೀರಿನ ಸ್ವಂತ ಬಣ್ಣ, ಕೆಸರು, ಪರೀಕ್ಷಿಸುವವನ ಕಣ್ಣು ಎಲ್ಲವೂ ಅಡ್ಡ ಬರುತ್ತವೆ. ವಿದ್ಯುತ್ತಿಗೆ ಆ ತೊಡಕಿಲ್ಲ.

ಹಲ್ಲಿನ ಡಾಕ್ಟರನ್ನು ಅಲ್ಲೇ ನಿಲ್ಲಿಸಿ ಬಂದೆವಲ್ಲ. ಊರಿನವರು ಅವನಿಗೆ ಬಗೆಬಗೆಯ ಕಾರಣ ಹೇಳಿದರು. ಹಂದಿಮಾಂಸ ಜಾಸ್ತಿಯಾಯಿತು ಎಂದರು, ಹಾಲು ಸರಿಯಿಲ್ಲ ಎಂದರು. ಮೆಕೇಗೆ ನೀರಿನ ಮೇಲೆಯೇ ಅನುಮಾನ. ಆದರೆ ಆ ಕಾಲದ ಮಾಮೂಲಿ ಪರೀಕ್ಷೆಗಳಲ್ಲಿ ನೀರು ನಿರ್ದೋಷಿಯಾಗಿಯೇ ಹೊರಬರುತ್ತಿತ್ತು. 1931ರಲ್ಲಿ ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನಶಾಸ್ತ್ರಜ್ಞ ಚರ್ಚಿಲ್ ಇದೇ ಕಂದು ಹಲ್ಲು ಕಂಡಿದ್ದ ಅರ್ಕಾನ್ಸಾಸಿನ ಬಾಕ್ಸೈಟ್ ಎಂಬ ಊರಿನ ನೀರಿನಲ್ಲಿ ಫ್ಲೋರೈಡ್ ಹಿಡಿದ. ಕಂದು ಹಲ್ಲಿನ ಕಾರಣ ಸಿಕ್ಕಿತು. 1937ರಲ್ಲಿ ನಮ್ಮಲ್ಲೂ, ಆಗಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ, ಬೆನ್ನು ಬಗ್ಗದೆ ಕೀಲು ಮಡಚದೆ ಸೆಟೆದು ನಿಂತ ಜನರನ್ನು ವೈದ್ಯರು ಕಂಡು ವರದಿ ಮಾಡಿದರು. ಅವರು ಕಂಡದ್ದು ಎಲುಬಿಗಿಳಿದ ಫ್ಲೋರೋಸಿಸ್, ಅಂದರೆ ಫ್ಲೋರೈಡಿನ ಕಾಯಿಲೆ.

ಪಾವಗಡಕ್ಕೋ ಬಾಗೇಪಲ್ಲಿಗೋ ಮುಂಡರಗಿಗೋ ಹೋಗಿ ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಗುವಾಗ ಕೈ ಅಡ್ಡ ಹಿಡಿಯುವ ಹುಡುಗಿಯರು, ನಲವತ್ತಕ್ಕೇ ಮೆಟ್ಟಿಲ ಬಳಿ ನಿಂತು ಮೊಣಕಾಲು ಹಿಡಿದುಕೊಳ್ಳುವ ಗಂಡಸರು. ಕೆರೆ ಒಣಗಿತು, ತೆರೆದ ಬಾವಿ ಬತ್ತಿತು, ಕೊಳವೆ ಸಾವಿರ ಅಡಿ ಮುಟ್ಟಿತು. ಕಲ್ಲಿನ ಜೊತೆ ದೀರ್ಘಕಾಲ ಕೂಡಿಕೊಂಡಿದ್ದ ನೀರು ಕಲ್ಲಿನ ಫ್ಲೋರೈಡನ್ನೂ ಜೊತೆಗೆ ತಂದಿತು.

ನೀರನ್ನು ಪರೀಕ್ಷಿಸುವ ವಿದ್ಯೆ ನಮ್ಮ ಮನೆಗಳಲ್ಲಿ ಇರಲಿಲ್ಲ ಎಂದು ಮಾತ್ರ ಯಾರೂ ಹೇಳಬೇಡಿ. ಹೊಸ ಊರಿಗೆ ಸೊಸೆಯಾಗಿ ಹೋದವಳಿಗೆ ತವರಿನವರು ಕೇಳುತ್ತಿದ್ದ ಮೊದಲ ಪ್ರಶ್ನೆಯೇ "ಅಲ್ಲಿ ಬೇಳೆ ಬೇಯುತ್ತೇನೇ?" ಎಂದು. ತೊಗರಿಬೇಳೆ ಬೇಯದಿದ್ದರೆ ಗಡಸು ನೀರು, ಸೋಪು ನೊರೆ ಬಾರದಿದ್ದರೆ ಗಡಸು ನೀರು, ಬಾಯಿಗೆ ಒಗರಾದರೆ ಕುಡಿಯಲು ಬಾರದು. ಎಷ್ಟು ಚಂದದ ಪರೀಕ್ಷೆ, ಒಲೆಯ ಮೇಲೇ ಉತ್ತರ! ಆದರೆ ಇಲ್ಲೊಂದು ಎಡವಟ್ಟಿದೆ. ನೀರನ್ನು ಗಡಸು ಮಾಡುವುದು ಮುಖ್ಯವಾಗಿ ಕ್ಯಾಲ್ಸಿಯಂ. ಅದೇ ಕ್ಯಾಲ್ಸಿಯಂ ಫ್ಲೋರೈಡನ್ನು ಹಿಡಿದು ತಳಕ್ಕೆ ಕೂರಿಸುವ ಶಕ್ತಿಯುಳ್ಳದ್ದು. ಹಾಗಾಗಿ ಕ್ಯಾಲ್ಸಿಯಂ ಕಡಿಮೆಯಿದ್ದು ಸೋಡಾದ ಅಂಶ ಹೆಚ್ಚಿರುವ ಮೆದು ನೀರಿನಲ್ಲಿ ಫ್ಲೋರೈಡ್ ಹಾಯಾಗಿ ಕರಗಿಕೊಂಡಿರುತ್ತದೆ. ಎಲ್ಲ ಕಡೆ ಹೀಗೆಯೇ ಎಂದಲ್ಲ. ಆದರೆ ಬೇಳೆ ಚೆನ್ನಾಗಿ ಬೇಯಿಸಿದ ನೀರು ಹಲ್ಲು ಕೆಡಿಸಬಹುದು ಎಂಬುದಂತೂ ಖರೆ. ಅಜ್ಜಿಯ ಪರೀಕ್ಷೆ ಅವಳ ಕಾಲದ ಸೇದುವ ಬಾವಿಗೆ ಸಾಕಾಗಿತ್ತು, ಸಾವಿರ ಅಡಿಯ ಬೋರಿಗೆ ಸಾಲದು.

1966ರಲ್ಲಿ ಅಮೆರಿಕದ ಫ್ರಾಂಟ್ ಮತ್ತು ರಾಸ್ ಇದಕ್ಕೆ ತಕ್ಕ ಸಾಧನ ಮಾಡಿದರು. ಲ್ಯಾಂಥನಂ ಫ್ಲೋರೈಡಿನ ಒಂದು ಸ್ಫಟಿಕ. ಅದಕ್ಕೆ ಚೂರು ಯುರೋಪಿಯಂ ಬೆರೆಸಿದರೆ ಸ್ಫಟಿಕದೊಳಗೆ ಅಲ್ಲಲ್ಲಿ ಖಾಲಿ ಜಾಗ ಉಳಿಯುತ್ತದೆ. ಆ ಖಾಲಿ ಜಾಗಗಳಿಗೆ ಜಿಗಿಯುತ್ತ ಒಳಗೆ ಓಡಾಡಬಲ್ಲದ್ದು ಫ್ಲೋರೈಡ್ ಅಯಾನು ಮಾತ್ರ. ಸ್ಫಟಿಕದ ಒಂದು ಮಗ್ಗುಲಿಗೆ ಗೊತ್ತಿರುವ ದ್ರಾವಣ, ಇನ್ನೊಂದು ಮಗ್ಗುಲಿಗೆ ನಿಮ್ಮ ಬೋರಿನ ನೀರು. ಎರಡರ ನಡುವಿನ ವ್ಯತ್ಯಾಸ ವೋಲ್ಟೇಜಾಗಿ ಕಾಣುತ್ತದೆ: ಫ್ಲೋರೈಡ್ ಹತ್ತು ಪಟ್ಟು ಬದಲಾದರೆ ಸುಮಾರು 59 ಮಿಲಿವೋಲ್ಟು. ಉಪ್ಪಿನ ಕ್ಲೋರೈಡು ಎಷ್ಟಿದ್ದರೂ ಅದು ತಲೆ ಕೆಡಿಸಿಕೊಳ್ಳುವುದಿಲ್ಲ. ಹೈಡ್ರಾಕ್ಸೈಡೊಂದು ತಂಟೆ ಮಾಡೀತು, ಅಲ್ಯೂಮಿನಿಯಂ ಫ್ಲೋರೈಡನ್ನು ಬಚ್ಚಿಟ್ಟೀತು. ಇವೆರಡಕ್ಕೂ ಮೊದಲೇ ಒಂದು ದ್ರಾವಣ ಬೆರೆಸಿ ಬಂದೋಬಸ್ತು ಮಾಡುತ್ತಾರೆ. ಅಷ್ಟು ಹಟಮಾರಿಯಾದ ಏಕನಿಷ್ಠೆಯ ಸೆನ್ಸರುಗಳು ಜಗತ್ತಿನಲ್ಲಿ ಕೆಲವೇ. ನನ್ನ ಕಣ್ಣಿಗೆ ಅದು ವಜ್ರಕ್ಕಿಂತ ಬೆಲೆಯುಳ್ಳ ಹರಳು.

ಹಾಗೆ ನೋಡಿದರೆ ನಾಲಗೆಯೂ ಒಂದು ವಿದ್ಯುತ್ ಮೀಟರೇ. ಹುಡುಗರಾಗಿದ್ದಾಗ ಒಂಬತ್ತು ವೋಲ್ಟಿನ ಬ್ಯಾಟರಿಯ ಎರಡು ಗುಬ್ಬಿಗಳನ್ನು ನಾಲಗೆಗೆ ಮುಟ್ಟಿಸಿ ಚುರ್ರೆನಿಸಿಕೊಂಡವರು ನಿಮ್ಮಲ್ಲೂ ಇದ್ದೀರಿ, ಇಲ್ಲವೇ? ಹದಿನೆಂಟನೆಯ ಶತಮಾನದಲ್ಲಿ, ಬ್ಯಾಟರಿ ಎಂಬುದೇ ಇಲ್ಲದ ಕಾಲದಲ್ಲಿ, ಸುಲ್ಜರ್ ಎಂಬಾತ ಸೀಸದ ತುಂಡು ಬೆಳ್ಳಿಯ ತುಂಡು ಎರಡನ್ನೂ ಕೂಡಿಸಿ ನಾಲಗೆಯ ಮೇಲಿಟ್ಟು ವಿಚಿತ್ರ ರುಚಿ ಕಂಡು ಬರೆದಿಟ್ಟ. ಬೇರೆ ಬೇರೆ ಇಟ್ಟರೆ ಆ ರುಚಿಯಿಲ್ಲ. ಆಮೇಲೆ ಗ್ಯಾಲ್ವನಿಯ ಕಪ್ಪೆಕಾಲು ಬಂತು, 1800ರಲ್ಲಿ ವೋಲ್ಟಾನ ಕಂಬ ಬಂತು. ಎರಡು ಲೋಹ, ನಡುವೆ ಒದ್ದೆ ಏನಾದರೊಂದು: ಈ ಶಾಸ್ತ್ರದ ಬೇರು ಅಷ್ಟರಲ್ಲಿದೆ.

ಎರಡು ಲೋಹ, ನಡುವೆ ನೀರು ಎಂದಾಗ ನನಗೆ ನಮ್ಮ ಜಗುಲಿಗೆ ಬಂದಿದ್ದ ವಾಟರ್ ಫಿಲ್ಟರ್ ಮಾರುವ ಹುಡುಗ ನೆನಪಾಗುತ್ತಾನೆ. ಎರಡು ಲೋಟ: ಒಂದರಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವನು ತಂದ ಶುದ್ಧ ನೀರು. ಕಬ್ಬಿಣ, ಅಲ್ಯೂಮಿನಿಯಂ ಕಡ್ಡಿಗಳ ಸಾಧನವೊಂದನ್ನು ಅದ್ದಿ ಸ್ವಿಚ್ ಒತ್ತಿದ. ನಿಮಿಷದಲ್ಲಿ ನಮ್ಮ ಲೋಟ ಕಂದುಗಟ್ಟಿ ಅಸಹ್ಯವಾಯಿತು, ಅವನದು ತಿಳಿಯಾಗಿಯೇ ಉಳಿಯಿತು. "ನೋಡಿ ಮೇಡಂ, ಇದನ್ನೇ ನೀವು ಮಕ್ಕಳಿಗೆ ಕುಡಿಸ್ತಿರೋದು" ಎಂದ. ನಮ್ಮ ಅತ್ತಿಗೆ ಒಳಗೆ ಹೋಗಿ ಒಂದು ಚಿಟಿಕೆ ಅಡುಗೆ ಉಪ್ಪು ತಂದು ಅವನ ಶುದ್ಧ ನೀರಿಗೆ ಹಾಕಿ, "ಈಗ ಇನ್ನೊಂದ್ಸಲ ಹಾಕಪ್ಪ ನೋಡೋಣ" ಎಂದರು. ಅದೂ ಕಂದಾಯಿತು. ಕರಗಿ ಬಂದದ್ದು ಅವನ ಕಡ್ಡಿಯ ಕಬ್ಬಿಣ! ಉಪ್ಪಿನಂಶವಿರುವ ನೀರು ಕರೆಂಟನ್ನು ಬಿಡುತ್ತದೆ, ಕಬ್ಬಿಣ ಕರಗಿ ತುಕ್ಕಾಗುತ್ತದೆ. ಉಪ್ಪು ತೆಗೆದ ನೀರು ಕರೆಂಟನ್ನೇ ಬಿಡುವುದಿಲ್ಲ, ತುಕ್ಕೂ ಇಲ್ಲ. ಆ ಹುಡುಗನಿಗೂ ಇದು ಗೊತ್ತಿರಲಿಲ್ಲವೆಂದು ಅವನ ಮುಖವೇ ಹೇಳುತ್ತಿತ್ತು. ಅತ್ತಿಗೆ ಕಾಫಿ ಕೊಟ್ಟು ಕಳಿಸಿದರು. ಎಷ್ಟು ಮನೆಗಳಲ್ಲಿ ಈ ಲೋಟ ತಾಯಂದಿರನ್ನು ಹೆದರಿಸಿದೆಯೋ! ನನಗೆ ಸಂಕಟವಾಗುವುದು ಅದಕ್ಕೇ. ಒಳ್ಳೆಯ ಶಾಸ್ತ್ರವೊಂದನ್ನು ಸುಳ್ಳು ಹೆದರಿಕೆಗೆ ಬಳಸಿದರೆ ನಿಜವಾಗಿ ಹೆದರಬೇಕಾದ ಕಡೆ ಜನ ನಂಬುವುದನ್ನು ಬಿಡುತ್ತಾರೆ.

ಆ ಹುಡುಗನ ಜೇಬಿನಲ್ಲಿ ಟಿಡಿಎಸ್ ಮೀಟರೂ ಇತ್ತು. ಪೆನ್ನಿನಷ್ಟುದ್ದದ ಆ ಉಪಕರಣ ಈಗ ಮನೆಮನೆಯಲ್ಲಿದೆ. ನೀರು ಎಷ್ಟು ವಿದ್ಯುತ್ ಬಿಡುತ್ತದೆ ಎಂದು ನೋಡಿ ಒಟ್ಟು ಲವಣದ ಅಂದಾಜು ಹೇಳುವುದು ಅದರ ಕೆಲಸ. ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದೆಂದು ಮಾನಕ. ಆದರೆ ಕುಡಿಯುವ ನೀರಿನಲ್ಲಿ ಆರ್ಸೆನಿಕ್ಕಿಗೂ ಸೀಸಕ್ಕೂ ಇರುವ ಗೆರೆ ಲೀಟರಿಗೆ 0.01 ಮಿಲಿಗ್ರಾಂ. ಮನೆಯ ಮೇಲಿನ ಸಾವಿರ ಲೀಟರ್ ಟ್ಯಾಂಕಿಗೆ 10 ಮಿಲಿಗ್ರಾಂ. ಅದು ಹತ್ತು ಪಟ್ಟು ಮೀರಿದರೂ ಟಿಡಿಎಸ್ ಮೀಟರಿನ ಅಂಕಿ ಅಲುಗದು. ಟಿಡಿಎಸ್ ನೂರೈವತ್ತು ಬಂತು ಎಂದು ನೆಮ್ಮದಿಯಿಂದ ಕುಡಿಯುವವರಿಗೆ ಈ ಮಾತನ್ನು ದಯವಿಟ್ಟು ತಲುಪಿಸಿ.

ಹಾಗಾದರೆ ಅಷ್ಟು ಕಿಂಚಿತ್ ಸೀಸವನ್ನು ಹಿಡಿಯುವುದು ಹೇಗೆ? ಎಲೆಕ್ಟ್ರೋಡಿಗೆ ಋಣ ವೋಲ್ಟೇಜು ಕೊಟ್ಟು ನೀರಿನಲ್ಲಿ ಕೆಲವು ನಿಮಿಷ ಬಿಟ್ಟರೆ ಕರಗಿದ ಸೀಸದಂಥ ಲೋಹಗಳು ಬಂದು ಅದರ ಮೈಗೆ ಕೂಡುತ್ತವೆ. ಆಮೇಲೆ ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತ ಹೋಗಬೇಕು. ಬೆಳಗಿನ ಬಸ್ಸು ದಾರಿಯುದ್ದಕ್ಕೂ ಜನರನ್ನು ತುಂಬಿಕೊಂಡು, ಪೇಟೆಗೆ ಬಂದ ಮೇಲೆ ಆಸ್ಪತ್ರೆಯವರನ್ನು ಆಸ್ಪತ್ರೆಯ ಬಳಿ, ಕಾಲೇಜಿನವರನ್ನು ಕಾಲೇಜಿನ ಬಳಿ ಇಳಿಸುವ ಹಾಗೆ, ಮೊದಲು ಕ್ಯಾಡ್ಮಿಯಂ ಇಳಿಯುತ್ತದೆ, ಆಮೇಲೆ ಸೀಸ, ಆಮೇಲೆ ತಾಮ್ರ. ಒಂದೊಂದು ಇಳಿಯುವಾಗಲೂ ಕರೆಂಟು ಒಮ್ಮೆ ಏರಿ ಇಳಿಯುತ್ತದೆ. ಎಲ್ಲಿ ಏರಿತು ಎಂಬುದು ಹೆಸರು ಹೇಳುತ್ತದೆ, ಎಷ್ಟು ಏರಿತು ಎಂಬುದು ಪ್ರಮಾಣ ಹೇಳುತ್ತದೆ. ತುಂಬಿಕೊಳ್ಳಲು ಹೆಚ್ಚು ಹೊತ್ತು ಕೊಟ್ಟಷ್ಟೂ ಹೆಚ್ಚು ಸೂಕ್ಷ್ಮ.

ಇದರ ಹಿಂದಿರುವವನು ಪ್ರಾಗ್ ನಗರದ ಹೆಯ್ರೋವ್‌ಸ್ಕಿ. 1922ರ ಫೆಬ್ರುವರಿಯಲ್ಲಿ, ಸೂಕ್ಷ್ಮ ಗಾಜಿನ ನಳಿಗೆಯಿಂದ ತೊಟ್ಟಿಕ್ಕುವ ಪಾದರಸದ ಹನಿಯನ್ನೇ ಎಲೆಕ್ಟ್ರೋಡ್ ಮಾಡಿಕೊಂಡು ಕರೆಂಟು ಅಳೆದ. ಹನಿ ಉದುರಿದಷ್ಟು ಸಲವೂ ಹೊಚ್ಚ ಹೊಸ ಮೈ, ಹಿಂದಿನ ಕೊಳೆಯ ಕುರುಹಿಲ್ಲ. ಎರಡು ವರ್ಷದಲ್ಲಿ ಜಪಾನಿನಿಂದ ಬಂದಿದ್ದ ಶಿಕಾತಾ ಜೊತೆ ಸೇರಿ ಆ ಕರೆಂಟಿನ ಏರಿಳಿತದ ಗೆರೆಯನ್ನು ತಾನೇ ಬರೆದುಕೊಳ್ಳುವ ಪೋಲರೋಗ್ರಾಫ್ ಯಂತ್ರ ಕಟ್ಟಿದ. 1959ರಲ್ಲಿ ನೊಬೆಲ್ ಬಂತು.

1959 ಎಂದೆ. ಅದೇ ಪಾದರಸ, ಅದೇ ವರ್ಷ, ಶಿಕಾತಾನ ದೇಶ. ಮಿನಮಾತಾ ಎಂಬ ಮೀನುಗಾರರ ಊರಿನಲ್ಲಿ ಬೆಕ್ಕುಗಳು ಕುಣಿದು ಕುಪ್ಪಳಿಸಿ ಸಾಯುತ್ತಿದ್ದವು. 1956ರಲ್ಲಿ ಮನುಷ್ಯರ ಕಾಯಿಲೆಯೂ ಅಧಿಕೃತವಾಗಿ ದಾಖಲಾಗಿತ್ತು. ಚಿಸ್ಸೊ ಕಾರ್ಖಾನೆಯ ಆಸ್ಪತ್ರೆಯ ವೈದ್ಯ ಹೊಸೊಕಾವಾ 1959ರಲ್ಲಿ ಕಾರ್ಖಾನೆಯ ಹೊರನೀರನ್ನು ಬೆಕ್ಕೊಂದರ ಆಹಾರಕ್ಕೆ ಬೆರೆಸಿ ಕೊಟ್ಟು ನೋಡಿದರು. ಪ್ರಯೋಗದ ದಾಖಲೆಯಲ್ಲಿ ಅದು 400ನೆಯ ಬೆಕ್ಕು. ಅದಕ್ಕೂ ಅದೇ ಕಾಯಿಲೆ ಬಂತು. ಕಂಪನಿ ಫಲಿತಾಂಶ ಮುಚ್ಚಿಟ್ಟಿತು. ಪಾದರಸದ ನೀರು ಕೊಲ್ಲಿಗೆ ಹರಿಯುವುದು ನಿಂತದ್ದು 1968ಕ್ಕೆ. 1970ರಲ್ಲಿ, ಕೊನೆಯ ದಿನಗಳಲ್ಲಿ, ಆ ವೈದ್ಯರು ಹಾಸಿಗೆಯ ಮೇಲಿನಿಂದಲೇ ಸಾಕ್ಷಿ ಹೇಳಿದರು. ಪಾದರಸವನ್ನು ಅಷ್ಟು ಚೆನ್ನಾಗಿ ಬಲ್ಲ ವಿದ್ಯೆಗೆ ನೊಬೆಲ್ ಬಂದ ವರ್ಷವೇ ಪಾದರಸ ಮೀನಿನಲ್ಲಿ ಸೇರಿಕೊಳ್ಳುತ್ತಲೇ ಇತ್ತು ಎನ್ನುವುದನ್ನು ನನಗೆ ಮರೆಯಲಾಗುವುದಿಲ್ಲ. ಅಲ್ಲಿ ಕೊರತೆಯಿದ್ದದ್ದು ಉಪಕರಣದ್ದೊಂದೇ ಆಗಿರಲಿಲ್ಲ.

ಪಾದರಸವೇ ವಿಷವಾದ್ದರಿಂದ ಅದನ್ನು ಬಾವಿಕಟ್ಟೆಗೆ ಒಯ್ಯುವಂತಿಲ್ಲ. 2000ದಲ್ಲಿ ಜೋಸೆಫ್ ವಾಂಗ್ ಮತ್ತು ಜೊತೆಗಾರರು ಅದರ ಬದಲಿಗೆ ಬಿಸ್ಮತ್ ಲೇಪನ ಸಾಕೆಂದು ತೋರಿಸಿದರು. ಆರ್ಸೆನಿಕ್ಕಿಗೆ, ಅಂದರೆ ನಮ್ಮ ಹಿರಿಯರು ಹೆಸರೆತ್ತಲು ಹೆದರುತ್ತಿದ್ದ ಪಾಷಾಣಕ್ಕೆ, ಒಗ್ಗುವ ಎಲೆಕ್ಟ್ರೋಡ್ ಯಾವುದು ಗೊತ್ತೇ? ಚಿನ್ನ! ನೆಲದೊಳಗೂ ಇವೆರಡಕ್ಕೆ ಹಳೆಯ ನಂಟು. ಚಿನ್ನದ ಅದಿರಿನ ಜೊತೆಗೇ ಆರ್ಸೆನಿಕ್ಕಿನ ಅದಿರೂ ಇರುವುದು ಸಾಮಾನ್ಯ. ಹಾಗಾಗಿಯೇ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ, ಮಂಗಳೂರು ಎಂಬ ಹೆಸರಿನ ಹಳೆಯ ಚಿನ್ನದ ಗಣಿಯ ಆಸುಪಾಸಿನ ತಾಂಡಾದ ಜನರ ಚರ್ಮದ ಮೇಲೆ ಆರ್ಸೆನಿಕ್ಕಿನ ಗುರುತುಗಳು ಕಂಡವು. ಗಣಿ ಎಂದೋ ಮುಚ್ಚಿದೆ, ಚಿನ್ನ ಎಲ್ಲಿಗೋ ಹೋಗಿದೆ, ನೀರು ಮಾತ್ರ ಆ ತಾಂಡಾದವರ ಪಾಲಿಗೆ ಉಳಿದಿದೆ.

ಬಾಂಗ್ಲಾದೇಶದ ಕಥೆ ಇದರ ನೂರು ಪಟ್ಟು ದೊಡ್ಡದು. ಕೆರೆನೀರು ಕುಡಿದು ಮಕ್ಕಳು ವಾಂತಿಭೇದಿಯಿಂದ ಸಾಯುತ್ತಿದ್ದಾರೆಂದು 1970ರ ದಶಕದಿಂದ ಯುನಿಸೆಫ್ ಮತ್ತು ಸರ್ಕಾರ ಊರೂರಿಗೆ ಕೊಳವೆಬಾವಿ ಹಾಕಿಸಿದವು. ಉದ್ದೇಶ ಚಿನ್ನದಂಥದ್ದು. ಆರ್ಸೆನಿಕ್ ಇದೆಯೇ ಎಂದು ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. 1993ರ ಸುಮಾರಿಗೆ ಗೊತ್ತಾದ ಮೇಲೆ ಸುಮಾರು 50 ಲಕ್ಷ ಬಾವಿಗಳನ್ನು ಬಣ್ಣದ ಕಾಗದದ ಕಿಟ್‌ಗಳಿಂದ ಪರೀಕ್ಷಿಸಿ, ಕೆಟ್ಟದ್ದಕ್ಕೆ ಕೆಂಪು ಒಳ್ಳೆಯದಕ್ಕೆ ಹಸಿರು ಬಳಿದರು. ಎಷ್ಟೋ ಜನ ಬಿಂದಿಗೆ ಹಿಡಿದು ಕೆಂಪು ಬಾವಿ ಬಿಟ್ಟು ಪಕ್ಕದ ಮನೆಯ ಹಸಿರು ಬಾವಿಗೆ ಹೋದರು. ಅಂಕಿಯೊಂದು ಕೈಗೆ ಸಿಕ್ಕರೆ ಹೆಂಗಸರು ಸರ್ಕಾರಕ್ಕೆ ಕಾಯದೆ ಆ ದಿನವೇ ದಾರಿ ಹುಡುಕುತ್ತಾರೆ.

ಇಷ್ಟು ಒಳ್ಳೆಯ ವಿದ್ಯೆಯಿದ್ದರೆ ಸಕ್ಕರೆ ಕಾಯಿಲೆಯವರ ಪರೀಕ್ಷೆಯ ಪಟ್ಟಿಯ ಹಾಗೆ ನೀರಿನ ಪರೀಕ್ಷೆಯ ಪಟ್ಟಿ ಏಕೆ ಔಷಧಿ ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ನೀವು ಕೇಳಬೇಕು. ಗ್ಲೂಕೋಮೀಟರೂ ಇದೇ ಜಾತಿಯದು. 1962ರಲ್ಲಿ ಕ್ಲಾರ್ಕ್ ಮತ್ತು ಲಯನ್ಸ್ ಕಿಣ್ವವೊಂದನ್ನು ಎಲೆಕ್ಟ್ರೋಡಿಗೆ ಕೂಡಿಸುವ ಉಪಾಯ ಹೇಳಿದಲ್ಲಿಂದ ಅದು ಬೆಳೆದದ್ದು. ಆದರೆ ನೆತ್ತರು ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಬಗೆ, ನೀರು ಒಂದೊಂದು ಊರಿನದೂ ಒಂದೊಂದು ಬಗೆ. ಒಂದೂರಲ್ಲಿ ಕಬ್ಬಿಣ ಅಡ್ಡ ಬಂದರೆ ಇನ್ನೊಂದೂರಲ್ಲಿ ತಾಮ್ರ. ಕೆರೆಯಲ್ಲಿ ಬಿಟ್ಟ ಸೆನ್ಸರಿನ ಮೈಗೆ ಕೆಲವೇ ದಿನಗಳಲ್ಲಿ ಪಾಚಿ ಕಟ್ಟಿ ಅದು ಕಣ್ಣು ಮುಚ್ಚಿಕೊಳ್ಳುತ್ತದೆ. ಕೀಟನಾಶಕಗಳ ಪಾಡೂ ಹಾಗೆಯೇ. ನರಕ್ಕೆ ಬೇಕಾದ ಕಿಣ್ವವೊಂದನ್ನು ಎಲೆಕ್ಟ್ರೋಡಿನ ಮೇಲೆ ಕೂರಿಸಿ, ವಿಷ ಬಂದಾಗ ಅದರ ಕೆಲಸ ನಿಂತು ಕರೆಂಟು ಇಳಿಯುವುದನ್ನು ನೋಡುವ ಸೊಗಸಾದ ಸೆನ್ಸರಿದೆ. ಮೋನೋಕ್ರೋಟೋಫಾಸಿನಂಥ ರಂಜಕದ ಕೀಟನಾಶಕಗಳನ್ನು ಅದು ಹಿಡಿಯುತ್ತದೆ. ಆದರೆ ದಕ್ಷಿಣ ಕನ್ನಡ, ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಬೇರೆ ಕುಲದ್ದು, ಆ ಕಿಣ್ವದ ತಂಟೆಗೇ ಹೋಗುವುದಿಲ್ಲ. ಇವೆಲ್ಲ ತೊಡಕುಗಳನ್ನು ಬಿಡಿಸಬಹುದು, ಬಿಡಿಸುವವರು ಇದ್ದಾರೆ. ದೊಡ್ಡ ತೊಡಕು ಬೇರೆ: ಸಕ್ಕರೆ ಕಾಯಿಲೆಯವರು ದಿನಾ ಪಟ್ಟಿ ಕೊಳ್ಳುತ್ತಾರೆ, ತಾಂಡಾದ ಬಾವಿಗೆ ಪಟ್ಟಿ ಕೊಳ್ಳುವವರು ಯಾರು? ಕೊಳ್ಳುವವರಿಲ್ಲದ ಕಡೆ ಕಾರ್ಖಾನೆ ತೆರೆಯುವುದಿಲ್ಲ. ಇದು ಸರ್ಕಾರವೇ ಕೊಂಡು ಹಂಚಬೇಕಾದ ಸಾಮಾನು, ಪೋಲಿಯೋ ಹನಿಯನ್ನು ಹಂಚಿದಷ್ಟೇ ಶ್ರದ್ಧೆಯಿಂದ. ನನ್ನ ಖಚಿತ ಅಭಿಪ್ರಾಯ ಇದು.

ಜಲಜೀವನ್ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ಪರೀಕ್ಷೆಯ ಕಿಟ್ ಕೊಟ್ಟು ಕಲಿಸಬೇಕೆಂದಿದೆ. ನಿಮ್ಮ ಊರಿನ ಆ ಐವರು ಯಾರೆಂದು ಪಂಚಾಯಿತಿಯಲ್ಲಿ ಕೇಳಿ. ಜಿಲ್ಲೆಯಲ್ಲಿ ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಪ್ರಯೋಗಾಲಯವಿದೆ. ನಿಮ್ಮ ಬೋರಿನ ನೀರನ್ನು ಚೆನ್ನಾಗಿ ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಯ್ದು ಕೊಡಿ. "ಕುಡಿಯಲು ಯೋಗ್ಯ" ಎಂಬ ಮೊಹರಿಗೆ ತೃಪ್ತರಾಗದೆ ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು ಎಂದು ಅಂಕಿಯನ್ನೇ ಬರೆಸಿಕೊಳ್ಳಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ, 1.5 ದಾಟಿದರೆ ಅಡುಗೆಗೂ ಕುಡಿಯಲಿಕ್ಕೂ ಬೇರೆ ನೀರು ಹುಡುಕಿಕೊಳ್ಳಿ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇವತ್ತೇ. ಮತ್ತೆ ಒಂದು ಮಾತು: ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಹೆಚ್ಚುತ್ತದೆ.